ಟಪಾಲಕ್ಕ ಬಹುಮತ ಪಾಲಿಸಿದ್ದು

ನಮ್ಮ ಬಸ್ ನೌಕರರ ಸಂಘದ ಕಚೇರಿಯಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವವಳನ್ನು ಎಲ್ಲರೂ ಟಪಾಲಕ್ಕ ಎನ್ನುತ್ತಾರೆ, ಅವಳಿಗಿಂತ ಹಿರಿಯರೂ. ಮೊದಲು ಕಂಡಕ್ಟರ್ ಆಗಿದ್ದವಳು. ಮೊಣಕಾಲು ಕೈಕೊಟ್ಟ ಮೇಲೆ ಕಂಪ್ಯೂಟರ್ ಕಲಿತಳು. ಈಗಲೂ "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತಲೇ ಹರಟೆಮಲ್ಲರನ್ನು ಸರ್ವರ್ ಕೋಣೆಯಿಂದ ಓಡಿಸುತ್ತಾಳೆ.

ಸಂಘಕ್ಕೊಂದು ಚಟ: ಎಲ್ಲದಕ್ಕೂ ಕೈಯೆತ್ತಿಸುವುದು. ಫ್ಯಾನು ಜೋರಾಗಿ ತಿರುಗಬೇಕೋ ಮೆಲ್ಲಗೋ ಎಂಬುದಕ್ಕೂ ಬಹುಮತ ಬೇಕು.

ಆ ಬೆಳಿಗ್ಗೆ ಕರೆಂಟು ಹೋಗಿತ್ತು. ಸರ್ವರ್ ಯುಪಿಎಸ್ ಮೇಲೆ ಜೀವ ಹಿಡಿದುಕೊಂಡಿತ್ತು. ಅಧ್ಯಕ್ಷರಿಗೆ ಚಹಾದ ಚಪಲ. ನೀರು ಕಾಯಿಸುವ ಕೆಟಲನ್ನು ಅದೇ ಯುಪಿಎಸ್‌ಗೆ ಸಿಕ್ಕಿಸಿದರು. ಟಪ್! ಕೆಟಲೂ ಸತ್ತಿತು, ಸರ್ವರೂ ಸತ್ತಿತು. ಕರೆಂಟು ಬಂದ ಮೇಲೆ ಯಂತ್ರವೇನೋ ಎದ್ದಿತು. ಆದರೆ ಮೇಲ್‌ಗಳೆಲ್ಲ ಇದ್ದ ಡೇಟಾಬೇಸ್ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಬರೆಯುತ್ತಿದ್ದವನ ಕೈಯಿಂದ ಪೆನ್ನು ಕಿತ್ತುಕೊಂಡ ಹಾಗಾಗಿತ್ತು.

ಬೆಂಚಿನ ಮೇಲೆ ಕೂತಿದ್ದ ಡ್ರೈವರ್‌ನ ಮುಖ ಬಿಳಿಚಿಕೊಂಡಿತು. ಬಸ್ಸು ಗುದ್ದಿಸಿದನೆಂದು ಅವನನ್ನು ಕೆಲಸದಿಂದ ತೆಗೆದಿದ್ದರು. ಬ್ರೇಕು ಹಿಡಿಯುತ್ತಿಲ್ಲವೆಂದು ಅವನು ಮೊದಲೇ ಸಂಘದ ಮೇಲ್‌ನಿಂದ ಪದೇ ಪದೇ ಡಿಪೋಗೆ ದೂರು ಕಳಿಸಿದ್ದ. "ಬಂದೇ ಇಲ್ಲ" ಎಂದಿತು ಡಿಪೋ. ಉಳಿದ ಪ್ರತಿ ಇದ್ದದ್ದು ಈ ಸರ್ವರಿನಲ್ಲಿ. ವಿಚಾರಣೆ ಅದೇ ಮಧ್ಯಾಹ್ನ.

"ಅಕ್ಕಾ, ನನ್ನ ಕೆಲ್ಸ..."

"ಸುಮ್ನೆ ಕೂತ್ಕೋ. ಬ್ರೇಕಿಲ್ಲದ ಬಸ್ ಓಡಿಸ್ದೋನು, ಇದಕ್ಕೆ ಹೆದರ್ತೀಯಾ?"

ಅಷ್ಟರಲ್ಲಿ ಪದಾಧಿಕಾರಿಗಳು ಒಬ್ಬೊಬ್ಬರೇ ಅವಳ ಕಿವಿಯ ಹತ್ತಿರ ಬಂದರು. ಮೊದಲು ಖಜಾಂಚಿ: "ಅಕ್ಕಾ, ಎಲ್ಲಾ ವಾಪಸ್ ಬರ್ಲೇಬೇಕು ಅಂತೇನಿಲ್ಲ. ಕಾರ್ಯದರ್ಶೀನ ಕತ್ತೆ ಅಂತ ಸಿಟ್ಟಲ್ಲಿ ಎಲ್ರಿಗೂ ಕಳ್ಸಿಬಿಟ್ಟಿದ್ದೆ." ಆಮೇಲೆ ಕಾರ್ಯದರ್ಶಿ, ತಾನು ಅದಕ್ಕೆ ಕೊಟ್ಟ ಉತ್ತರದ ಸಲುವಾಗಿ. ಕೊನೆಗೆ ಅಧ್ಯಕ್ಷರು. ಸಿಟ್ಟು ಬಂದಾಗಲೆಲ್ಲ ರಾಜೀನಾಮೆ ಕಳಿಸಿ, ಉಂಡ ಮೇಲೆ ಮರೆಯುವ ಆಸಾಮಿ ಅದು.

ಸಭೆ ಕೂತಿತು.

"ಎರಡು ದಾರಿ," ಎಂದಳು ಟಪಾಲಕ್ಕ. "ಒಂದು, ಬಡಿದು ರಿಪೇರಿ. ಓದಕ್ಕಾಗದ ಪುಟಾನೆಲ್ಲ ಕಿತ್ತೆಸೆಯುತ್ತೆ. ಇನ್ನೊಂದು ನಿಧಾನ. ದರ್ಜಿ ಬಟ್ಟೆ ಕತ್ತರಿಸೋ ಮುಂಚೆ ಸೀಮೆಸುಣ್ಣದಲ್ಲಿ ಗೆರೆ ಹಾಕಲ್ವಾ? ಹಾಗೆ ಸರ್ವರ್ ಏನೇ ಮಾಡೋ ಮುಂಚೆ ಲಾಗ್ ಅನ್ನೋ ದಿನಚರೀಲಿ ಗುರುತು ಹಾಕಿರುತ್ತೆ. ಆ ಗೆರೆ ಹಿಡ್ಕೊಂಡು ಮತ್ತೆ ಹೊಲೀಬೇಕು."

"ಬಡಿಯೋದೇ ಸರಿ," ಎಂದರು ಅಧ್ಯಕ್ಷರು. ಕೈಗಳು ಮೇಲೆದ್ದವು. ಖಜಾಂಚಿಯೂ ಕಾರ್ಯದರ್ಶಿಯೂ ಒಂದೇ ಕಡೆ ಕೈಯೆತ್ತಿದ್ದನ್ನು ಸಂಘ ಅವತ್ತೇ ಕಂಡದ್ದು.

"ಬಹುಮತ ಅಂದ್ರೆ ಬಹುಮತ." ಟಪಾಲಕ್ಕ ಒಳಗೆ ಹೋದಳು. ಮೂಲವನ್ನು ಮುಟ್ಟದೆ ಎರಡು ನಕಲು ತೆಗೆದಳು. ಒಂದರ ಮೇಲೆ ಸುತ್ತಿಗೆ, ಇನ್ನೊಂದರ ಮೇಲೆ ಸೂಜಿ.

ಊಟದ ಹೊತ್ತಿಗೆ ಎಲ್ಲರನ್ನೂ ಕರೆದಳು. "ಇದು ನಿಮ್ಮ ನಿರ್ಣಯದ್ದು."

ನೋಡಿದರು. ರಾಜೀನಾಮೆಗಳಿಲ್ಲ, ಕತ್ತೆಯಿಲ್ಲ. ಬ್ರೇಕಿನ ದೂರುಗಳೂ ಇಲ್ಲ. ಡ್ರೈವರ್‌ನದೊಂದು ಬಿಟ್ಟು ಎಲ್ಲರ ಮುಖ ಅರಳಿತು.

"ಇದು ನಂದು. ಎಲ್ಲಾ ಇದೆ."

"ಎಲ್ಲಾ ಅಂದ್ರೆ?" ಎಂದ ಖಜಾಂಚಿ.

"ಕತ್ತೆ ಸಮೇತ."

"ನಿರ್ಣಯ ಮೀರಿದ್ಯಲ್ಲಮ್ಮ!" ಅಧ್ಯಕ್ಷರು ಮೇಜು ಗುದ್ದಿದರು.

"ಎಲ್ಲಿ ಮೀರ್ದೆ? ನೀವು ಹೇಳಿದ್ದನ್ನೂ ಮಾಡಿದೀನಲ್ಲಣ್ಣ. ಈಗ ಯಾವ್ದು ಇಟ್ಕೊಳ್ಳೋದು ಅಂತ ಇವನ ಮುಖ ನೋಡ್ಕೊಂಡು ಕೈಯೆತ್ತಿ."

ಡ್ರೈವರ್ ಎದ್ದು ನಿಂತ. ಲಾಠಿಗೆ ಬಗ್ಗದ ತಲೆಗಳು ನೆಲ ನೋಡಿದವು. ಕೈಗಳು ಒಂದೊಂದೇ ಎದ್ದವು. ಖಜಾಂಚಿಯದು ಏಳಲಿಲ್ಲ, ಕಾರ್ಯದರ್ಶಿಯೇ ಮೊಣಕೈ ಹಿಡಿದು ಎತ್ತಿಸಿದ.

ಮೇಲ್‌ಗಳ ಪ್ರತಿ ಹಿಡಿದು ಡ್ರೈವರ್ ವಿಚಾರಣೆಗೆ ಓಡಿದ. ಸಂಜೆ ಅವನ ಫೋನು.

"ಅಕ್ಕಾ, ಗೆದ್ವಿ! ನಾಳೆಯಿಂದ ಡ್ಯೂಟಿ."

"ಯಾವ ಬಸ್ಸು?"

"ಅದೇ."

"ಬ್ರೇಕ್ ಸರಿ ಮಾಡಿದಾರೇನೋ?"

"ಇಲ್ಲಕ್ಕಾ."

"ಮತ್ತೇನು ಹಲ್ಲು ಕಿರೀತೀಯಾ? ಈಗ್ಲೇ ಒಂದು ಮೇಲ್ ಹಾಕು!"