ಅವನ ಕಿವಿ, ಅವಳ ನಾಲಿಗೆ

ಅವಳ ಗಂಡ ಬೀದಿಯ ಕೊನೆಯಲ್ಲಿದ್ದ ಹೋಟೆಲಿಗೆ ಪಾಸ್ತಾದ ಟೊಮೆಟೊ ಸಾಸ್ ಮಾಡಿಕೊಡುತ್ತಿದ್ದ. ಮನೆಯ ಹಿಂದಿನ ಕೋಣೆಯೇ ಅವನ ಕಾರ್ಖಾನೆ. ಅವಳು ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವಳು. ಓದು ಬರಹ ಅಷ್ಟಕ್ಕಷ್ಟೆ. ನಾಲಿಗೆ ಮಾತ್ರ ಚುರುಕು.

ಮದುವೆಯಾದ ಹೊಸತರಲ್ಲಿ ಅವನಿಗೆ ಕೆಟ್ಟ ಜ್ವರ ಬಂತು. ಜ್ವರ ಹೋಗುವಾಗ ಅವನ ವಾಸನೆಯನ್ನೂ ರುಚಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು.

"ಯಾರಿಗೂ ಹೇಳ್ಬೇಡ," ಎಂದ.

ಅವಳು ಹೇಳಲಿಲ್ಲ. ಅಂದಿನಿಂದ ಹದ ಅವನದು, ರುಚಿ ಅವಳದು. ಅವನು ಸಾಸನ್ನು ಕಿವಿಯಿಂದ ಬೇಯಿಸುತ್ತಿದ್ದ. ಮೊದಲು ಗುಳುಗುಳು, ಅದು ನೀರಿನ ಮಾತು. ಆಮೇಲೆ ಗೊಳಕ್ ಗೊಳಕ್. ಕೊನೆಗೆ ಎಷ್ಟೋ ಹೊತ್ತಿಗೊಮ್ಮೆ ಪೊಟಕ್ ಎಂದು ಸುಮ್ಮನಾಗುತ್ತದೆ. "ಈಗ ಕನವರಿಸ್ತಿದೆ ನೋಡು. ಇಳಿಸ್ಬೇಕು," ಎನ್ನುತ್ತಿದ್ದ. ಮರದ ಸೌಟಿನಲ್ಲಿ ಇಷ್ಟು ತೆಗೆದು, ಊದಿ ಊದಿ ಆರಿಸಿ ಅವಳ ಬಾಯಿಗೆ ಹಿಡಿಯುತ್ತಿದ್ದ. ಅವಳು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಹುಳಿ. ಉಪ್ಪು ಬೇಕು. ಹೂಂ. ಹೂಂ ಅಂದರೆ ಆಯಿತು.

ಹೀಗೇ ಒಂದು ಆಯುಷ್ಯ ಕಳೆಯಿತು. ಒಂದು ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಅದರಲ್ಲಿ ಹೇಳುವಂಥ ಕತೆಯೇನಿಲ್ಲ.

ಸ್ವಲ್ಪ ದಿನ ಬಿಟ್ಟು ಹೋಟೆಲಿನ ಮಾಲೀಕ ಬಂದು ಬಾಗಿಲಲ್ಲೇ ನಿಂತ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಡಬ್ಬಿ ಸಾಸ್ ಮಾರೋನು ದಿನಾ ಬಂದು ಜಪ ಮಾಡ್ತಾ ಕೂರ್ತಾನೆ. ನಿಮ್ಮ ಕೈಲಾಗುತ್ತೆ ಅಂದ್ರೆ ನಾಳೆ ಒಂದು ಪಾತ್ರೆ ಮಾಡಿ ತನ್ನಿ. ನಿಮ್ಮ ಗಂಡನ ಕೈದೇ ಅನ್ನೋ ಹಾಗಿದ್ರೆ ಸರಿ. ಇಲ್ಲಾಂದ್ರೆ ಡಬ್ಬೀನೇ ಗತಿ."

ಅವಳಿಗೆ ಹೊಟ್ಟೆಪಾಡಿನ ಚಿಂತೆ ಇರಲಿಲ್ಲ. ಪಾತ್ರೆ ತೊಳೆದರೂ ಬದುಕು ಸಾಗುತ್ತದೆ. ಆದರೆ ಅವನದು ಅಂತ ಉಳಿದಿದ್ದು ಆ ಸಾಸ್ ಒಂದೇ. ಅದೂ ನಿಂತರೆ ಅವನು ಎರಡನೇ ಸಲ ಸತ್ತ ಹಾಗೆ.

ಬೆಳಿಗ್ಗೆ ನಾದಿನಿ ಬಂದು ಬೆಳ್ಳುಳ್ಳಿ ಸುಲಿಯಲು ಕೂತಳು. ಇತ್ತ ಇವಳು ಟೊಮೆಟೊಗಳ ತಲೆಯ ಮೇಲೆ ಚಾಕುವಿನಿಂದ ಗೀರಿ, ಬಿಸಿನೀರಿನಲ್ಲಿ ಮುಳುಗಿಸಿ, ಸಿಪ್ಪೆ ಬಿಡಿಸಿ ಕೈಯಲ್ಲೇ ಹಿಸುಕಿದಳು.

"ಮೆತ್ತಗೆ ಅತ್ತಿಗೆ! ನಮ್ಮಣ್ಣ ಟೊಮೆಟೊನ ನಿಮಗಿಂತ ನಾಜೂಕಾಗಿ ಹಿಡೀತಿದ್ದ."

"ಹಿಡೀದೆ ಏನು ಮಾಡ್ತಾರೆ. ಅದು ತಿರುಗಿ ಮಾತಾಡಲ್ವಲ್ಲ."

ನಾದಿನಿ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಎಣ್ಣೆಯಲ್ಲಿ ಬೆಳ್ಳುಳ್ಳಿ ಬಿತ್ತು. ಟೊಮೆಟೊ ಬಿತ್ತು. ಉರಿ ಸಣ್ಣದಾಯಿತು. ಕಿಟಕಿಯ ಬಿಸಿಲು ಹಬೆಯೊಳಗೆ ಇಳಿದು ಕೋಣೆಯೆಲ್ಲ ನಸುಗೆಂಪಾಯಿತು. ಅವಳಿಗೆ ಮಂಪರು ಕವಿದ ಹಾಗಾಯಿತು. ಸೌಟು ತುಂಬಿ ಎತ್ತಿದಳು, ಕಣ್ಣು ಮುಚ್ಚಿದಳು, ಬಾಯಿಗೆ ಸುರಿದುಕೊಂಡಳು.

ಊದಬೇಕು ಅನ್ನುವುದೇ ಅವಳಿಗೆ ನೆನಪಾಗಲಿಲ್ಲ. ಯಾವತ್ತೂ ಊದಿದವಳಲ್ಲ.

"ಅಯ್ಯೋ!" ನಾದಿನಿ ತಣ್ಣೀರು ಹಿಡಿದು ಓಡಿ ಬಂದಳು. "ಬಾಯಿಗೆ ಕೊಳ್ಳಿ ಇಟ್ಕೊಂಡ್ರಲ್ಲ ಅತ್ತಿಗೆ!"

ನೀರು ಮುಕ್ಕಳಿಸಿದಳು. ನಾಲಿಗೆಗೆ ಸಕ್ಕರೆ ಇಟ್ಟು ನೋಡಿದಳು. ಮರಳಿನ ಹಾಗಿತ್ತು. ಉಪ್ಪು ಇಟ್ಟಳು. ಅದೂ ಮರಳೇ.

"ನಾನ್ ರುಚಿ ನೋಡ್ತೀನಿ ಕೊಡಿ."

"ಬೇಡ ತಾಯಿ. ನೀನು ಬರೀ ಬಿಸಿನೀರು ಕೊಟ್ರೂ ಚೆನ್ನಾಗಿದೆ ಅಂತೀಯ."

ಇನ್ನು ಉಳಿದಿದ್ದು ಕಿವಿ. ಅವಳು ಸ್ಟೂಲು ಎಳೆದುಕೊಂಡು ಅವನು ಕೂರುತ್ತಿದ್ದ ಹಾಗೆ ಒಲೆಯ ಪಕ್ಕ ಕೂತಳು. ನಾದಿನಿಗೆ ಸುಮ್ಮನಿರು ಎಂದು ಸನ್ನೆ ಮಾಡಿದಳು. ಗುಳುಗುಳು. ಆ ಸದ್ದಿನ ಹಿಂದೆ ಯಾರೋ ಉಸಿರಾಡಿದ ಹಾಗೆ. ಗೊಳಕ್ ಗೊಳಕ್. ಹೊತ್ತು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬೆಚ್ಚಗಿನ ನೀರಿನಲ್ಲಿ ತೇಲುತ್ತಿರುವಂತೆ, ತಾನು ಹೆಂಡತಿಯೋ ವಿಧವೆಯೋ ಮರೆತಂತೆ. ಅವನ ಮೊಣಕೈ ತನ್ನ ಮೊಣಕೈಗೆ ತಗುಲಿದೆ ಅನ್ನಿಸಿತು. ತಿರುಗಿ ನೋಡಲಿಲ್ಲ. ನೋಡಿದರೆ ಇರುವುದಿಲ್ಲ ಅಂತ ಗೊತ್ತಿತ್ತು.

ಪೊಟಕ್.

ಯಾರಾದರೂ ಹೇಳಲಿ ಎಂದು ಕಾದಳು. ಯಾರೂ ಹೇಳಲಿಲ್ಲ.

"ಕನವರಿಸ್ತಿದೆ," ಎಂದಳು ಅವಳೇ. ಅಂದಾಜಿನಲ್ಲಿ ಉಪ್ಪು ಹಾಕಿ ಇಳಿಸಿದಳು.

ಹೋಟೆಲಿನ ಅಡುಗೆಮನೆಯಲ್ಲಿ ಮಾಲೀಕ ಬ್ರೆಡ್ ಮುರಿದು ಅದ್ದಿ ಬಾಯಿಗಿಟ್ಟ. ನಿಧಾನವಾಗಿ ಅಗಿದ. ಅವಳು ಅವನ ದವಡೆಯನ್ನೇ ನೋಡುತ್ತ ನಿಂತಳು.

"ಹದ ಅವನದೇ ಅಮ್ಮ. ಥೇಟ್ ಅವನದೇ." ಇನ್ನೊಂದು ತುಂಡು ಅದ್ದಿದ. "ಆದ್ರೆ ಉಪ್ಪು ಸಾಲದು. ಅವನ ಉಪ್ಪು ಒಂದಿನಾನೂ ತಪ್ಪಿದ್ದಿಲ್ಲ."

ಅವಳಿಗೆ ನಗು ಬಂತು. ಸುಟ್ಟ ನಾಲಿಗೆ ಉರಿಯಿತು, ಆದರೂ ನಕ್ಕಳು.

"ಉಪ್ಪು ಅವರದಲ್ಲ ಸ್ವಾಮಿ. ನಂದು."

"ಅಂದ್ರೆ?"

"ಅವರಿಗೆ ರುಚೀನೇ ಗೊತ್ತಾಗ್ತಿರ್ಲಿಲ್ಲ. ವಾಸನೇನೂ ಇಲ್ಲ. ರುಚಿ ಹೇಳ್ತಿದ್ದೋಳು ನಾನು. ಇವತ್ತು ನಾಲಿಗೆ ಸುಟ್ಕೊಂಡಿದೀನಿ."

ಮಾಲೀಕ ಬ್ರೆಡ್ ಕೆಳಗಿಟ್ಟ. "ಮತ್ತೆ ನನ್ನ ಸೂಪಿಗೆ ಸೀದ ವಾಸನೆ ಅಂತ ಮೂಗು ಮುರೀತಿದ್ನಲ್ಲ, ಎಲ್ಲರ ಮುಂದೆ!"

"ಅದೂ ನಾನು ಹೇಳಿಕೊಟ್ಟಿದ್ದು."

ಅವನು ಒಂದು ಚಿಟಿಕೆ ಉಪ್ಪು ಉದುರಿಸಿ, ಕಲಕಿ, ಕಾದ ಬಾಣಲೆಗೆ ಸಾಸ್ ಸುರಿದ. ಬೆಂದ ಪಾಸ್ತಾ ಅದರ ಮೇಲೆ ಬಿತ್ತು.

"ಡಬ್ಬಿಯವನಿಗೆ ಬರಬೇಡ ಅಂತೀನಿ," ಎಂದ, ಅವಳ ಕಡೆ ತಿರುಗದೆ.

"ಪಾತ್ರೆ ಖಾಲಿ ಮಾಡಿಕೊಡಿ," ಎಂದಳು ಅವಳು. "ನಾಳೆಗೆ ಬೇಕು."