ಗಂಧಕದ ದಸ್ತಿ

ಹುಡುಗಿ ಔಷಧ ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾಳೆ ಎಂದರೆ ಬಸವಕಲ್ಯಾಣದ ನಮ್ಮ ಮನೆಗೆ ಬಂದ ವರನ ಕಡೆಯವರೆಲ್ಲ ಕೇಳುತ್ತಿದ್ದುದು ಒಂದೇ, ಅದನ್ನು ಯಾವಾಗ ಬಿಡುತ್ತಾಳೆ ಎಂದು. ಹುಮನಾಬಾದಿನ ಪಕ್ಕದ ಮಾಣಿಕನಗರದ ಒಂದು ಮನೆಯವರು ಮಾತ್ರ ಮದುವೆಯಾದ ಮೇಲೂ ಮಾಡಲಿ ಎಂದಿದ್ದರು. ಹುಡುಗನೂ ಫೋನಿನಲ್ಲೇ ಹಿಡಿಸಿದ್ದ. ಈ ಸಂಬಂಧ ಕೂಡಿಬರಲೆಂದು ಅವ್ವನಿಗಿಂತ ನನಗೇ ಹೆಚ್ಚು ಆಸೆಯಿತ್ತು. ಜ್ವರದಿಂದ ಎದ್ದಿದ್ದ ಹುಡುಗನ ತಂದೆಗೆ ಓಡಾಡುವ ಶಕ್ತಿ ಇನ್ನೂ ಬಂದಿರಲಿಲ್ಲ, ಹಾಗಾಗಿ ನಾವೇ ಹೋಗುವುದೆಂದಾಯಿತು.

ಹಿಂದಿನ ದಿನ ಪ್ರಯೋಗಾಲಯದಲ್ಲಿ, ರೋಗಾಣುವನ್ನು ತಡೆಯಬಹುದಾದ ಹೊಸ ಅಣುವೊಂದಕ್ಕೆ ಗಂಧಕದ ಕೊಂಡಿ ಸೇರಿಸುತ್ತಿದ್ದೆ. ಅದಕ್ಕೆ ಬಳಸುವ ದ್ರವದ ನಾತ ಸಾಮಾನ್ಯದ್ದಲ್ಲ. ಅಡುಗೆ ಗ್ಯಾಸು ಸೋರಿದರೆ ತಿಳಿಯಲೆಂದು ಅದರ ಅಣ್ಣತಮ್ಮಂದಿರನ್ನೇ ಸಿಲಿಂಡರಿಗೆ ಬೆರೆಸುತ್ತಾರೆ. ಮೇಜಿಗೆ ಬಿದ್ದ ಹನಿಯನ್ನು ಅವಸರದಲ್ಲಿ ಕೈಯಲ್ಲಿದ್ದ ದಸ್ತಿಯಿಂದ ಒರೆಸಿ, ಆ ಕರವಸ್ತ್ರವನ್ನು ಊರಿಗೆ ಒಯ್ಯಲಿದ್ದ ಸೀರೆಯ ಚೀಲಕ್ಕೇ ತುರುಕಿದ ಮಹಾತಾಯಿ ನಾನು. ನನ್ನ ಮೂಗಿಗೆ ಆ ನಾತ ಎಂದೋ ರೂಢಿಯಾಗಿತ್ತು. ಮನೆಯಲ್ಲಿ ಅವ್ವ ಮೂಗು ಮುಚ್ಚಿಕೊಂಡು ಬೈದು ಸೀರೆಗೆ ಅತ್ತರು ಬಳಿದಳು. ಮೊದಲೇ ಮಂಗ, ಮೇಲೆ ಹೆಂಡ ಕುಡಿದಂತಾಯಿತು. ನಾನೋ, ಯಾವ ದಸ್ತಿ ಎಂದೂ ನೋಡದೆ ಅದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬಸ್ಸಿನಲ್ಲಿ ನಮ್ಮ ಸುತ್ತಲಿನ ಸೀಟುಗಳು ಖಾಲಿಯಾದವು, ಕಾಲು ಚಾಚಿಕೊಂಡೇ ಹೋದೆವು.

ಆ ಮನೆಯಲ್ಲಿ ಕೂತು ಇನ್ನೂ ನೀರು ಕುಡಿದಿರಲಿಲ್ಲ, ಹುಡುಗನ ತಾಯಿ ಒಳಗೆ ಓಡಿ ಒಲೆ ಆರಿಸಿದರು. ಹುಡುಗ ಸಿಲಿಂಡರನ್ನು ಅಂಗಳಕ್ಕೆ ಹೊತ್ತೊಯ್ದ. ಕಿಟಕಿಗಳೆಲ್ಲ ತೆರೆದವು, ನಾತ ಹೋಗಲಿಲ್ಲ. ಸುಮ್ಮನಿದ್ದರೆ ಪಾರಾಗುತ್ತಿದ್ದೆನೇನೋ, ಆದರೆ ಆ ತಾಯಿಯ ಗಾಬರಿ ನೋಡಲಾಗಲಿಲ್ಲ. ದಸ್ತಿ ತೆಗೆದು ತೋರಿಸಿ, ಸಿಲಿಂಡರ್ ಅಲ್ಲ, ನಾನು ಎಂದೆ. ಅವ್ವ ನೆಲ ನೋಡಿದಳು. ಸಂಬಂಧ ಮುರಿಯಿತೆಂದುಕೊಂಡೆ.

ಮಂಚದ ಮೇಲೆ ಕೂತಿದ್ದ ಹುಡುಗನ ತಂದೆ ಕೈ ಚಾಚಿ ದಸ್ತಿ ಇಸಕೊಂಡರು. ಮೂಗಿಗೆ ಹಿಡಿದರು, ಮುಖ ಕಿವುಚಿದರು, ಮತ್ತೆ ಹಿಡಿದರು.

"ಜ್ವರ ಬಂದು ಹೋದಾಗಿಂದ ನನಗ ಯಾವ ವಾಸನೀನೂ ಬರ್ತಿದ್ದಿಲ್ಲ. ಊಟ ಮಣ್ಣು ತಿಂದಂಗ ಆಗಿತ್ತು. ಇದು ಬರಾಕತ್ತದ."

ಅವರ ಹೆಂಡತಿ ನಂಬಲಾರದೆ ಮಸಾಲೆ ಖಾರದ ಡಬ್ಬಿ ತಂದು ಮೂಗಿನ ಕೆಳಗೆ ಹಿಡಿದರು. ಗಂಡ ವಾಸನೆ ಇಲ್ಲವೆಂದು ತಲೆಯಾಡಿಸಿದರು. ಉಪ್ಪಿನಕಾಯಿಯೂ ಇಲ್ಲ. ಮತ್ತೆ ದಸ್ತಿ ಹಿಡಿದಾಗ ಮಾತ್ರ ಆ ಹಿರಿಯರು ಮುಖ ಹಿಂಡಿ ಜೋರಾಗಿ ನಕ್ಕುಬಿಟ್ಟರು. ಗಂಡ ನಗುವುದನ್ನು ನೋಡುತ್ತ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಆಮೇಲೆ ಅದೇ ಸೆರಗನ್ನು ಮೂಗಿಗೆ ಒತ್ತಿಕೊಂಡು ಅವ್ವನ ಕಡೆ ತಿರುಗಿದರು.

"ಹುಡುಗಿ ನಮಗ ಪಸಂದ ಅದಾಳ್ರಿ. ಆ ದಸ್ತಿ ಅಷ್ಟು ಇಲ್ಲೇ ಬಿಟ್ಟು ಹೋಗ್ರಿ."