ಗ್ಯಾರೇಜಿನಲ್ಲಿ ಅತ್ತೆ ಸವಿದ ಬಿಯರ್

ನನ್ನ ಸೋದರತ್ತೆ ವಾರವೆಲ್ಲ ಹೊಲಿಗೆ ಮೆಷಿನ್ ತುಳಿಯುತ್ತಾಳೆ. ಭಾನುವಾರ ಬಂತೆಂದರೆ ಬಸ್ಸು ಹತ್ತಿ, ಸುತ್ತಲಿನ ಊರುಗಳಲ್ಲಿ ಅಲ್ಲೇ ಬಿಯರ್ ತಯಾರಿಸಿ ಮಾರುವ ಸಣ್ಣಪುಟ್ಟ ಜಾಗಗಳನ್ನು ಹುಡುಕಿಕೊಂಡು ಹೋಗುತ್ತಾಳೆ. ಕುಡಿಯುವುದು ಒಂದೇ ಲೋಟ. ಮೊದಲು ಮೂಸಿ, ಬೆಳಕಿಗೆ ಹಿಡಿದು ಬಣ್ಣ ನೋಡಿ, ಆಮೇಲೆ ಗುಟುಕು.

"ಈ ವಯಸ್ಸಲ್ಲಿ ಇದೇನೇ ಹುಚ್ಚು?" ಎಂದು ಮಾವ ರೇಗಿದರೆ, "ನೀವೂ ಒಂದ್ಸಲ ಬನ್ನಿ, ಗೊತ್ತಾಗುತ್ತೆ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾಳೆ.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಹಳೆಯ ಗ್ಯಾರೇಜಿನಲ್ಲಿ ಎರಡು ಸ್ಟೀಲ್ ಡ್ರಮ್ಮು, ನಾಲ್ಕು ಬೆಂಚು, ಗಿರಾಕಿಗಳೆಂದರೆ ನಾವಿಬ್ಬರೇ. ಬಿಯರ್ ತಯಾರಿಸುವ ಹೆಂಗಸು ಲೋಟ ಇಡುತ್ತಾ, "ಈ ತಿಂಗಳಿಗೆ ಮುಚ್ಬಿಡ್ತೀನಿ ಅಕ್ಕಾ. ತುಂಬಾ ಕಹಿ ಅಂತ ಯಾರೂ ಮತ್ತೆ ಬರಲ್ಲ" ಎಂದಳು.

ಅತ್ತೆ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. "ಹುರಿದ ಬಾರ್ಲಿ ಎಷ್ಟು ಘಮ್ ಅಂತಿದೆ! ಮುಂದಿನ ಭಾನುವಾರ ಬಾಗಿಲು ತೆಗೆದಿರು ತಂಗೀ."

ಆ ಭಾನುವಾರ ಅತ್ತೆ ಮಾವನನ್ನೂ ಓರಗಿತ್ತಿಯರನ್ನೂ ಬಟ್ಟೆ ಹೊಲಿಸಲು ಬರುವ ಹೆಂಗಸರನ್ನೂ ಒಂದು ವ್ಯಾನಿನಲ್ಲಿ ತುಂಬಿಕೊಂಡು ಬಂದಳು. "ಗಟಗಟ ಕುಡೀಬೇಡಿ, ನಾಲಿಗೆ ಮೇಲೆ ಸ್ವಲ್ಪ ಹೊತ್ತು ಇಟ್ಕೊಳ್ಳಿ" ಎಂದು ಬೆಂಚಿನಿಂದ ಬೆಂಚಿಗೆ ಓಡಾಡಿ ಹೇಳಿಕೊಟ್ಟಳು. ಮಾವ ಮೊದಲು ಮುಖ ಕಿವುಚಿದ. ಮತ್ತೊಂದು ಗುಟುಕಿಗೆ ಹುಬ್ಬೇರಿಸಿದ.

"ಪರವಾಗಿಲ್ಲ ಕಣೇ" ಎಂದ.

ಮುಂದಿನ ವಾರಗಳಲ್ಲಿ ಅವರೆಲ್ಲ ತಮ್ಮ ತಮ್ಮ ಪರಿಚಯದವರನ್ನು ಕರೆತಂದರು. ಗ್ಯಾರೇಜು ಮುಚ್ಚಲಿಲ್ಲ. ಈಗ ಅಲ್ಲಿ ಬೆಂಚು ಸಾಲದೆ ಜನ ನಿಂತೇ ಕುಡಿಯುತ್ತಾರೆ.